ಆಲೆಮನೆ ಗಾಣದ ಸವೆದ ಬೆಲ್ಟು



ಕನ್ನಂಬಾಡಿಯ ನೀರು ನಾಲೆಯಲ್ಲಿ ಹರಿದು ಬಂದ ಮೇಲೆ ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆ ಕಬ್ಬು ಹೇಗೆ ಹಬ್ಬಿತೆಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಹನಕೆರೆಯ ಸುತ್ತಿನಲ್ಲಿಯೂ ಆಲೆಮನೆ ಹೊಸದೇನಲ್ಲ. ಹಿಂದೆ ಎತ್ತು ಕಟ್ಟಿ ಗಾಣ ತಿರುಗಿಸುತ್ತಿದ್ದರು. ಈಗ ಮೋಟಾರು ಬಂದಿದೆ. ಮೋಟಾರಿನ ಬಲವನ್ನು ಗಾಣಕ್ಕೆ ಮುಟ್ಟಿಸುವುದು ಬೆಲ್ಟು. ಎತ್ತು ಕುಂಟಿದರೆ ಕೂಡಲೇ ಕಣ್ಣಿಗೆ ಕಾಣುತ್ತಿತ್ತು. ಬೆಲ್ಟು ಕುಂಟಿದರೆ ನಾವು ನೋಡುವುದೇ ಇಲ್ಲ, ಅಲ್ಲವೆ?

ಆದರೆ ಬೆಲ್ಟು ಮೊದಲೇ ಹೇಳುತ್ತದೆ. ಮೋಟಾರು ಹಾಕಿದಾಗ ಕೀಚ್ ಎಂದು ಕಿರುಚುತ್ತದೆ. ದಪ್ಪ ಕಬ್ಬು ಕೊಟ್ಟರೆ ಗಾಣ ನಿಧಾನವಾಗುತ್ತದೆ, ಮೋಟಾರು ಮಾತ್ರ ಓಡುತ್ತಲೇ ಇರುತ್ತದೆ. ಸುಟ್ಟ ರಬ್ಬರಿನ ವಾಸನೆ ಬರುತ್ತದೆ. ಬೆಲ್ಟಿನ ಎರಡು ಪಕ್ಕಗಳು ಗಾಜಿನಂತೆ ಹೊಳೆಯುತ್ತವೆ, ಒಳಮೈ ಬಿರುಕು ಬಿಟ್ಟಿರುತ್ತದೆ. ವಿ-ಬೆಲ್ಟು ಹಿಡಿಯುವುದು ಪಕ್ಕಗಳಿಂದ, ತಳದಿಂದಲ್ಲ. ಸವೆದ ಬೆಲ್ಟು ಪುಲ್ಲಿಯ ಗಾಡಿಯೊಳಗೆ ಇಳಿದು ತಳಕ್ಕೆ ಮುಟ್ಟಿದರೆ ಅದರ ಹಿಡಿತ ಹೋಯಿತೆಂದೇ ತಿಳಿಯಿರಿ.

“ಇನ್ನು ನಾಲ್ಕು ದಿನ ಓಡಲಿ” ಎಂದರೆ ಏನಾಗುತ್ತದೆ? ಬೆಲ್ಟು ಕಡಿಯುವುದು ಕಬ್ಬು ಕಡಿದು ರಾಶಿ ಹಾಕಿದ ದಿನವೇ. ಕಡಿದ ಕಬ್ಬನ್ನು ಒಂದು ದಿನದೊಳಗೆ ಅರೆದರೆ ಒಳ್ಳೆಯದು. ಬಿಸಿಲಿಗೆ ಬಿದ್ದರೆ ತೂಕ ಇಳಿಯುತ್ತದೆ, ಒಳಗಿನ ಸಕ್ಕರೆ ಒಡೆಯುತ್ತದೆ, ಬೆಲ್ಲ ಗಟ್ಟಿಯಾಗಿ ಕೂರುವುದಿಲ್ಲ. ತೊಟ್ಟಿಯಲ್ಲಿ ನಿಂತ ಕಬ್ಬಿನ ಹಾಲು ಹುಳಿಯುತ್ತದೆ. ಬೆಲ್ಟಿನಲ್ಲಿ ಉಳಿಸಿದ ದುಡ್ಡು ಬೆಲ್ಲದಲ್ಲಿ ಹೋಗುತ್ತದೆ.

ಈಗ ಮುಖ್ಯವಾದ ಮಾತು. ಬೆಲ್ಟು ಬಿಚ್ಚಲು ನಮ್ಮವರು ಯಾವ ಹೊತ್ತು ನೋಡುತ್ತಾರೆ? ಕರೆಂಟು ಹೋದ ಹೊತ್ತು! “ಹೇಗೂ ಕರೆಂಟಿಲ್ಲ, ಅಷ್ಟರಲ್ಲಿ ಹಾಕಿಬಿಡೋಣ” ಅಂತ ಕೈ ಹಾಕುತ್ತಾರೆ. ಅದಕ್ಕಿಂತ ಕೆಟ್ಟ ಹೊತ್ತು ಬೇರೆ ಇಲ್ಲ. ಹೋದ ಕರೆಂಟು ಹೇಳಿ ಬರುವುದಿಲ್ಲ. ಪಂಪ್‌ಸೆಟ್ಟಿಗೆ ಹಾಕುವಂಥ ಆಟೋ ಸ್ಟಾರ್ಟರ್ ಇದ್ದರಂತೂ ಯಾರೂ ಮುಟ್ಟದೆಯೇ ಮೋಟಾರು ತಿರುಗುತ್ತದೆ. ಪುಲ್ಲಿಗೂ ಬೆಲ್ಟಿಗೂ ನಡುವೆ ಸಿಕ್ಕಿದ ಬೆರಳು ಉಳಿಯುವುದಿಲ್ಲ. ಆದ್ದರಿಂದ ಮೇನ್ ಸ್ವಿಚ್ಚು ಇಳಿಸಿ, ಮೂರು ಫ್ಯೂಸುಗಳನ್ನೂ ಕಿತ್ತು ನಿಮ್ಮ ಜೇಬಿಗೆ ಹಾಕಿಕೊಳ್ಳಿರಿ. ಹುಡುಗರ ಕೈಗೆ ಕೊಡಬೇಡಿ, ಗೋಡೆಯ ಮೇಲೂ ಇಡಬೇಡಿ. ಕೆಲಸ ಮಾಡುವವನ ಜೇಬಿನಲ್ಲಿಯೇ ಇರಬೇಕು.

ಆಮೇಲೆ ಮೋಟಾರಿನ ಬುಡದ ಬೋಲ್ಟುಗಳನ್ನು ಸಡಿಲಿಸಿ, ಮೋಟಾರನ್ನು ಗಾಣದ ಕಡೆಗೆ ಸರಿಸಿರಿ. ಬೆಲ್ಟು ತಾನಾಗಿಯೇ ಕೈಗೆ ಬರುತ್ತದೆ. ಹಾರೆ ಕೊಟ್ಟು ಮೀಟಿ ಹಾಕುವ ಅಭ್ಯಾಸ ಬಿಡಬೇಕು. ಹಾಗೆ ಮೀಟಿದರೆ ಒಳಗಿನ ನೂಲು ಹರಿಯುತ್ತದೆ. ಹೊರಗೆ ಹೊಸದಾಗಿ ಕಂಡರೂ ಬೆಲ್ಟು ಬಾಳುವುದಿಲ್ಲ. ಗಾಡಿಯಲ್ಲಿ ಮೆತ್ತಿಕೊಂಡ ಕಬ್ಬಿನ ಹಾಲಿನ ಅಂಟು, ರಚ್ಚಿನ ಪುಡಿ ಎಲ್ಲವನ್ನೂ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿರಿ.

ಅಂಗಡಿಗೆ ಹೋಗುವಾಗ ಹಳೆಯ ಬೆಲ್ಟನ್ನೇ ಒಯ್ಯಿರಿ. ಬೆನ್ನ ಮೇಲೆ ನಂಬರಿರುತ್ತದೆ. ಉದಾಹರಣೆಗೆ ಬಿ 75 ಎಂದಿದ್ದರೆ, ಬಿ ಎಂಬುದು ಗಾತ್ರ, ಮೇಲಿನ ಅಗಲ 17 ಮಿಲಿಮೀಟರು. 75 ಎಂಬುದು ಒಳಸುತ್ತಿನ ಉದ್ದ, ಅಂಗುಲದ ಲೆಕ್ಕ. ಸಿ ಎಂದರೆ ಅಗಲ 22. ಒಂದರ ಬದಲು ಇನ್ನೊಂದು ನಡೆಯದು. ಮೂರು ಬೆಲ್ಟಿನ ಪುಲ್ಲಿಯಾದರೆ ಮೂರನ್ನೂ ಒಟ್ಟಿಗೆ ಬದಲಿಸಿರಿ. ಒಂದನ್ನೇ ಹೊಸದು ಹಾಕಿದರೆ ಹಿಗ್ಗಿದ ಹಳೆಯವು ಸುಮ್ಮನೆ ಸುತ್ತುತ್ತವೆ, ಭಾರವೆಲ್ಲ ಹೊಸದರ ಮೇಲೆಯೇ. ಜೊತೆಗೆ ಹೂಡಿದ ಮುದಿ ಎತ್ತು, ಹೋರಿಯ ಕತೆಯಂತೆ.

ಹಾಕಿದ ಮೇಲೆ ಎರಡು ಪುಲ್ಲಿಗಳ ಮುಖಕ್ಕೂ ಒಂದು ದಾರ ಎಳೆದು ಹಿಡಿದು, ನೇರವಿದೆಯೇ ನೋಡಿರಿ. ಓರೆಯಿದ್ದರೆ ಪಕ್ಕ ಬೇಗ ತಿನ್ನುತ್ತದೆ. ಬಿಗಿ ಎಷ್ಟಿರಬೇಕು? ಪುಲ್ಲಿಗಳ ನಡುವೆ ಒಂದು ಮೀಟರು ಬೆಲ್ಟಿದ್ದರೆ, ಮಧ್ಯದಲ್ಲಿ ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು ಒಂದೂವರೆ ಸೆಂಟಿಮೀಟರು ತಗ್ಗಬೇಕು. ತಂತಿಯ ಹಾಗೆ ಬಿಗಿದರೆ ಮೋಟಾರಿನ ಬೇರಿಂಗು ಹೋಗುತ್ತದೆ. ಜಾರುತ್ತದೆಂದು ಎಣ್ಣೆ, ಗ್ರೀಸು, ರಾಳ ಯಾವುದನ್ನೂ ಬಳಿಯಬೇಡಿ. ಎಣ್ಣೆ ರಬ್ಬರಿಗೆ ವಿಷ.

ಬೆಲ್ಟಿನ ಮೇಲೆ ತಗಡಿನ ಮರೆಯನ್ನು ಮತ್ತೆ ಕೂರಿಸಿ, ಆಮೇಲೆ ಫ್ಯೂಸು ಹಾಕಿರಿ. ಕಬ್ಬು ಕೊಡುವ, ರಚ್ಚು ಹೊರುವ ತಾಯಂದಿರ ಸೆರಗು, ಗಂಡಸರ ಹೆಗಲ ಟವಲು, ಎರಡಕ್ಕೂ ಅದೇ ಕಾವಲು. “ಸೆಕೆ” ಎಂದು ಮರೆ ತೆಗೆದಿಡುವವರನ್ನು ನಾನು ನೋಡಿದ್ದೇನೆ. ಸೆಕೆ ಯಾರಿಗೆ, ಬೆಲ್ಟಿಗೋ?

ಹೊಸ ಬೆಲ್ಟು ಒಂದೆರಡು ದಿನ ಓಡಿದ ಮೇಲೆ ಸ್ವಲ್ಪ ಹಿಗ್ಗುತ್ತದೆ. ಆಗ ಪುನಃ ಫ್ಯೂಸು ಕಿತ್ತು, ಮೋಟಾರನ್ನು ಒಂದಿಷ್ಟು ಹಿಂದಕ್ಕೆ ಎಳೆದು ಬಿಗಿಮಾಡಿರಿ. ಬೆಲ್ಟಿನ ನಂಬರನ್ನು ಆಲೆಮನೆಯ ಗೋಡೆಯ ಮೇಲೆ ಸುಣ್ಣದಲ್ಲಿ ದಪ್ಪಗೆ ಬರೆದಿಡಿ.