ಇನ್ನೊಂದು ಶಾಲೆಯನ್ನು ನೋಡುವುದು ಹೇಗೆ?



ಹೊರದೇಶಗಳ ಶಾಲೆಗಳನ್ನು ನೋಡಿ ಬಂದವರ ಮಾತುಗಳನ್ನು ನೀವು ಕೇಳಿರುತ್ತೀರಿ. ಜಪಾನಿನಲ್ಲಿ ಮಕ್ಕಳೇ ತಮ್ಮ ತರಗತಿಯನ್ನು ಗುಡಿಸಿ ಒರೆಸುತ್ತಾರೆ. ಫಿನ್ಲೆಂಡಿನಲ್ಲಿ ಮಗು ಒಂದನೆಯ ತರಗತಿಗೆ ಸೇರುವುದು ಏಳನೆಯ ವಯಸ್ಸಿಗೆ. ಇದನ್ನೆಲ್ಲ ಕೇಳಿ ನಾವು ತಲೆದೂಗುತ್ತೇವೆ, ಅಷ್ಟಕ್ಕೇ ಬಿಟ್ಟುಬಿಡುತ್ತೇವೆ. ಆದರೆ ನಮ್ಮ ಹಳ್ಳಿಯ ಶಾಲೆಗಳಲ್ಲೂ ಮಕ್ಕಳು ಕಸ ಗುಡಿಸುತ್ತಾರಲ್ಲವೇ? ಹಾಗಾದರೆ ವ್ಯತ್ಯಾಸವೇನು? ಜಪಾನಿನಲ್ಲಿ ಅದು ಶಾಲೆಯ ದಿನಚರಿಯಲ್ಲೇ ಸೇರಿದ ಕೆಲಸ. ಸರದಿಯ ಪ್ರಕಾರ ಪ್ರತಿಯೊಬ್ಬರ ಕೈಗೂ ಪೊರಕೆ ಬರುತ್ತದೆ. ನಮ್ಮಲ್ಲಿ ಅದು ಯಾರ ಕೈಗೆ ಮತ್ತೆ ಮತ್ತೆ ಬರುತ್ತದೆ, ಯಾರ ಕೈಗೆ ಬರುವುದೇ ಇಲ್ಲ ಎಂಬುದನ್ನು ಒಂದು ವಾರ ಗಮನಿಸಿ ನೋಡಿ. ಪೊರಕೆಯನ್ನು ಮಾತ್ರ ಕಂಡು ಸರದಿಯನ್ನು ಕಾಣದೆ ಬಂದವರು ಜಪಾನಿನ ತನಕ ಹೋಗಿಯೂ ಏನನ್ನೂ ನೋಡಲಿಲ್ಲ ಎಂದೇ ನನ್ನ ಅಭಿಪ್ರಾಯ.

ಇಂದು ನಾನು ಮಾತನಾಡಬೇಕೆಂದಿರುವುದು ಈ ನೋಡುವ ಕೆಲಸದ ಬಗ್ಗೆ. ಕಾರ್ಯಕ್ರಮವೊಂದರ ಚಿತ್ರೀಕರಣಕ್ಕಾಗಿ ನಮ್ಮ ತಂಡ ಚಾಮರಾಜನಗರಕ್ಕೆ ಹೋಗಿತ್ತು. ಅಲ್ಲಿ ಶಿಕ್ಷಕ ತರಬೇತಿ ಪಡೆಯುತ್ತಿದ್ದ ಕೆಲವು ಯುವಕ ಯುವತಿಯರ ಜೊತೆ ಒಂದು ವಾರ ಬೇರೆ ಬೇರೆ ಬಗೆಯ ಶಾಲೆಗಳನ್ನು ಸುತ್ತಿದೆವು. ಪಾಸ್‌ಪೋರ್ಟ್ ಬೇಕಾಗಲಿಲ್ಲ, ಬಸ್ಸಿನ ಟಿಕೆಟ್ಟೇ ಸಾಕಾಯಿತು.

ಮೊದಲನೆಯದು ಗುಂಡ್ಲುಪೇಟೆಯ ಸಮೀಪದ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಸುತ್ತಲೂ ಚೆಂಡುಹೂವಿನ ಹೊಲಗಳು. ಒಂದೇ ಕೋಣೆಯಲ್ಲಿ ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಕಲೆತು ಕುಳಿತಿದ್ದರು. ನಡುವೆ ಒಬ್ಬರೇ ಶಿಕ್ಷಕಿ. ತಲೆಯ ಮೇಲೆ ದಾರಗಳ ಚಪ್ಪರ, ಅದರಲ್ಲಿ ಮಕ್ಕಳೇ ಬರೆದ ಚಿತ್ರಗಳು. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆಟುಕುವ ಕಪ್ಪು ಹಲಗೆ. ಇದು ನಲಿ-ಕಲಿ ಎಂಬುದು ನಿಮಗೆ ಗೊತ್ತಾಗಿರಬೇಕು. ನಿಮ್ಮಲ್ಲಿ ಅನೇಕರು ಅದರಲ್ಲೇ ಓದಿ ಬಂದವರು.

ನಮ್ಮೊಡನಿದ್ದ ಒಬ್ಬ ಪ್ರಶಿಕ್ಷಣಾರ್ಥಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ಹೀಗೆ ಬರೆದುಕೊಂಡಿದ್ದಳು: ಕೊಠಡಿ ಆಕರ್ಷಕವಾಗಿದೆ, ಮಕ್ಕಳು ಉತ್ಸಾಹದಿಂದಿದ್ದಾರೆ, ಶಿಕ್ಷಕಿ ಸ್ನೇಹಪರರು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಈ ಮೂರು ಮಾತನ್ನು ಯಾವ ಶಾಲೆಗೆ ಬೇಕಾದರೂ ಅಂಟಿಸಬಹುದು. ನಾನು ವಿಜ್ಞಾನ ಓದಿದವನು. ಪ್ರಯೋಗಶಾಲೆಯಲ್ಲಿ 'ದ್ರಾವಣ ಸೊಗಸಾಗಿದೆ' ಎಂದು ಬರೆದರೆ ನಮಗೆ ಅಂಕ ಸಿಗುತ್ತಿರಲಿಲ್ಲ. ಮಧ್ಯಾಹ್ನ ಆಕೆಗೆ ಒಂದು ಕೆಲಸ ಹೇಳಿದೆ: ಶಿಕ್ಷಕಿಯನ್ನು ನೋಡಬೇಡ, ಒಂದು ಮಗುವನ್ನು ಆರಿಸಿಕೋ, ನಲವತ್ತು ನಿಮಿಷ ಅದು ಮಾಡುವುದನ್ನಷ್ಟೇ ಬರೆ.

ಆಕೆ ಆರಿಸಿಕೊಂಡ ಹುಡುಗ ಹೂವಿನ ಕೊಯ್ಲಿಗೆ ಮನೆಯವರೊಡನೆ ಹೋಗಿ, ಕೆಲವು ದಿನ ತಪ್ಪಿಸಿಕೊಂಡು ಅಂದೇ ಮರಳಿ ಬಂದಿದ್ದ. ಅವನು ನೇರವಾಗಿ ಗೋಡೆಯ ಮೇಲಿನ ಏಣಿಯ ಪಟದ ಬಳಿಗೆ ಹೋಗಿ, ತಾನು ನಿಂತಿದ್ದ ಮೆಟ್ಟಿಲನ್ನು ಬೆರಳಿಟ್ಟು ಗುರುತಿಸಿ, ಅದರ ಕಾರ್ಡನ್ನು ತೆಗೆದುಕೊಂಡು ಕುಳಿತ. ಪಕ್ಕದ ಹುಡುಗಿಯನ್ನು ಎರಡು ಬಾರಿ ಕೇಳಿದ. ಆಮೇಲೆ ಬಹಳ ಹೊತ್ತು ಶಿಕ್ಷಕಿಗಾಗಿ ಕಾಯುತ್ತಾ ಕುಳಿತ. ಆಕೆಯ ಟಿಪ್ಪಣಿಯಲ್ಲಿ 'ಕಾಯುತ್ತಿದ್ದಾನೆ' ಎಂಬ ಪದವೇ ಸಾಲು ಸಾಲಾಗಿ ಬಂದಿತ್ತು. ಈಗ ನೋಡಿ, ಒಂದೇ ಪುಟದಲ್ಲಿ ಎರಡು ಸಂಗತಿಗಳು ಸಿಕ್ಕವು. ಪಾಠ ತಪ್ಪಿಸಿಕೊಂಡ ಮಗು ಎಲ್ಲರ ಹಿಂದೆ ಓಡಬೇಕಾಗಿಲ್ಲ, ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ ಹೋಗಬಹುದು. ಕೂಲಿಗೆ ವಲಸೆ ಹೋಗುವ ಮನೆಗಳ ಮಗು ಶಾಲೆಯಲ್ಲಿ ಉಳಿಯುವುದೋ ಬಿಡುವುದೋ ಎಂಬುದು ಎಷ್ಟೋ ಬಾರಿ ಇಷ್ಟರ ಮೇಲೆಯೇ ನಿಂತಿರುತ್ತದೆ. ಇನ್ನೊಂದು, ಅದೇ ಮಗು ಶಿಕ್ಷಕಿಯ ಸರದಿಗಾಗಿ ಕಾಯುತ್ತಲೇ ಅರ್ಧ ದಿನ ಕಳೆಯಲೂಬಹುದು.

ಈ ನಲಿ-ಕಲಿ ಹುಟ್ಟಿದ್ದೇ ಒಂದು ಶಾಲಾ ಭೇಟಿಯಿಂದ. 1995ರಲ್ಲಿ, ಯುನಿಸೆಫ್‌ನ ನೆರವಿನಿಂದ, ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರಪ್ರದೇಶದ ಮದನಪಲ್ಲಿಯ ಬಳಿಯ ರಿಷಿ ವ್ಯಾಲಿಗೆ ಹೋದರು. ಚಾಮರಾಜನಗರ ಆಗ ಪ್ರತ್ಯೇಕ ಜಿಲ್ಲೆಯಲ್ಲ. 1997ರವರೆಗೆ ಇದೆಲ್ಲವೂ ಮೈಸೂರು ಜಿಲ್ಲೆಯೇ. ರಿಷಿ ವ್ಯಾಲಿಯ ಸುತ್ತಲಿನ ಹಳ್ಳಿಗಳಲ್ಲಿ ಒಬ್ಬರೇ ಶಿಕ್ಷಕರಿರುವ ಪುಟ್ಟ ಶಾಲೆಗಳಿದ್ದವು. ಅಲ್ಲಿ ಮಕ್ಕಳು ಕಾರ್ಡುಗಳ ಸಹಾಯದಿಂದ ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಿದ್ದರು. ನಮ್ಮ ಶಿಕ್ಷಕರು ಅಲ್ಲಿಂದ ಕಾರ್ಡುಗಳನ್ನು ಹೊತ್ತು ತಂದಿದ್ದರೆ ಪ್ರಯೋಜನವಾಗುತ್ತಿರಲಿಲ್ಲ, ಏಕೆಂದರೆ ಅವು ತೆಲುಗಿನವು. ಅವರು ತಂದದ್ದು ಒಂದು ಪ್ರಶ್ನೆಯನ್ನು: ಬೇರೆ ಬೇರೆ ಮಟ್ಟದ ಮಕ್ಕಳು ಒಂದೇ ಕೋಣೆಯಲ್ಲಿದ್ದಾಗ, ಒಬ್ಬ ಶಿಕ್ಷಕ ಎಲ್ಲರಿಗೂ ಸಿಗುವುದು ಹೇಗೆ?

ಅದಕ್ಕೆ ಉತ್ತರವನ್ನು ಕನ್ನಡದಲ್ಲೇ ಹುಡುಕಬೇಕಾಯಿತು. ನಲಿ-ಕಲಿಯಲ್ಲಿ ಅಕ್ಷರಗಳು ಅ, ಆ, ಇ, ಈ ಎಂಬ ಕ್ರಮದಲ್ಲಿ ಬರುವುದಿಲ್ಲ. ಮೊದಲು ರ, ಗ, ಸ, ದ, ಅ. ಈ ಐದು ಅಕ್ಷರಗಳಿಂದ ಏನೇನು ಬರೆಯಬಹುದೆಂದು ಕಾಗದ ತೆಗೆದುಕೊಂಡು ನೀವೇ ಪ್ರಯತ್ನಿಸಿ: ಅರಸ, ಅಗಸ, ರಸ, ಸರ, ದರ, ಗರಗಸ. ಕೊಂಬಿಲ್ಲ, ಗುಡಿಸಿಲ್ಲ, ಒತ್ತಿಲ್ಲ; ಐದೇ ಅಕ್ಷರ ಕಲಿತ ಮಗು ಪದಗಳನ್ನು ಓದಲು ತೊಡಗುತ್ತದೆ. ವರ್ಣಮಾಲೆಯ ಕ್ರಮದಲ್ಲೇ ಹೋದರೆ ಅ, ಆ, ಇ, ಈ, ಉ ಎಂಬ ಐದರಿಂದ ಎಷ್ಟು ಪದಗಳಾಗುತ್ತವೆ, ಲೆಕ್ಕ ಹಾಕಿ.

ಕೊಲಂಬಿಯಾ ದೇಶದಲ್ಲಿ 1970ರ ದಶಕದಲ್ಲಿ ಆರಂಭವಾದ 'ಎಸ್ಕುಯೆಲಾ ನುಯೆವಾ', ಅಂದರೆ ಹೊಸ ಶಾಲೆ ಎಂಬ ಗ್ರಾಮೀಣ ಶಾಲೆಗಳ ವ್ಯವಸ್ಥೆಯೂ ಇದೇ ಪ್ರಶ್ನೆಗೆ ಕಂಡುಕೊಂಡ ಉತ್ತರ. ಅಲ್ಲಿಯೂ ಹಲವು ತರಗತಿಗಳು ಒಂದೇ ಕೋಣೆಯಲ್ಲಿ, ಮಕ್ಕಳೇ ನೋಡಿಕೊಂಡು ಕಲಿಯಬಹುದಾದ ಕಲಿಕಾ ಕೈಪಿಡಿಗಳು. ಇನ್ನೊಂದು ಸ್ವಾರಸ್ಯವೆಂದರೆ ಜರ್ಮನಿಯ ರೇಗೆನ್ಸ್‌ಬರ್ಗ್ ವಿಶ್ವವಿದ್ಯಾನಿಲಯದ ಶಿಕ್ಷಣತಜ್ಞರು ರಿಷಿ ವ್ಯಾಲಿಯ ಈ ಪದ್ಧತಿಯನ್ನು ಅಧ್ಯಯನ ಮಾಡಿದ್ದಾರೆ. ನಾವು ಹೊರದೇಶದ ಶಾಲೆಗಳ ಕನಸು ಕಾಣುತ್ತಿರುವಾಗ ಅವರು ನಮ್ಮ ಹಳ್ಳಿಯ ಶಾಲೆಗಳ ಕಡೆ ನೋಡುತ್ತಿದ್ದರು!

ಮುಂದೆ 2009ರಿಂದ ನಲಿ-ಕಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂದಿತು. ಹೆಗ್ಗಡದೇವನಕೋಟೆಯ ಶಿಕ್ಷಕರು ತಾವೇ ಕುಳಿತು ರೂಪಿಸಿದ್ದ ಕಾರ್ಡುಗಳು ಈಗ ಮುದ್ರಣವಾಗಿ ಪೆಟ್ಟಿಗೆಯಲ್ಲಿ ಬಂದವು. ಅದರ ಹಿಂದಿನ ಪ್ರಶ್ನೆಯೂ ಪೆಟ್ಟಿಗೆಯೊಳಗೆ ಬಂದಿತೇ? ಕೆಲವು ಕಡೆ ಬಂದಿತು, ಕೆಲವು ಕಡೆ ಕಾರ್ಡು ಮಾತ್ರ ಬಂದಿತು. ಮಕ್ಕಳು ಆಡುತ್ತಲೇ ಇರುತ್ತಾರೆ, ಪುಸ್ತಕವೆಲ್ಲಿ, ಮನೆಗೆಲಸವೆಲ್ಲಿ ಎಂದು ಗೊಣಗುವ ತಂದೆತಾಯಿಯರನ್ನು ನಾನು ಕಂಡಿದ್ದೇನೆ. ಅವರ ಗೊಣಗಾಟವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಶಿಕ್ಷಕರಿಲ್ಲದೆ ಕಾಯುವ ಮಗುವನ್ನು ಅವರೂ ಕಂಡಿರುತ್ತಾರೆ.

ಪಟ್ಟಣದ ಖಾಸಗಿ ಆಂಗ್ಲ ಮಾಧ್ಯಮ ಶಾಲೆಯೊಂದಕ್ಕೂ ಹೋದೆವು. ಅದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಅಂಥವು ನಿಮ್ಮ ಊರಿನಲ್ಲೂ ಇವೆ.

ಬಿಳಿಗಿರಿರಂಗನ ಬೆಟ್ಟದ ಬಗ್ಗೆ ಮಾತ್ರ ಹೇಳಲೇಬೇಕು. ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಅಲ್ಲಿ ಸೋಲಿಗ ಮಕ್ಕಳಿಗಾಗಿ ಶಾಲೆ ನಡೆಸುತ್ತಿದೆ. ಸೋಲಿಗರ ಮನೆಮಾತು ಕನ್ನಡಕ್ಕೆ ಹತ್ತಿರದ್ದಾದರೂ ಪಠ್ಯಪುಸ್ತಕದ ಕನ್ನಡವಲ್ಲ. ನಮ್ಮ ಪ್ರಶಿಕ್ಷಣಾರ್ಥಿ ಬೆಟ್ಟದಲ್ಲಿ ಕೆಲವು ಸೋಲಿಗ ಮಕ್ಕಳೊಡನೆ ಮಾತಿಗೆ ಕುಳಿತಳು. ಪುಸ್ತಕದ ಪ್ರಶ್ನೆಗಳಿಗೆ ಸುಮ್ಮನಿದ್ದ ಹುಡುಗನೊಬ್ಬ, ದಾರಿಯ ಎರಡೂ ಕಡೆ ಇಷ್ಟೊಂದು ಲಂಟಾನ ಏಕಿದೆ ಎಂದಾಗ ಬಾಯಿ ಬಿಟ್ಟ. ಹಿಂದೆ ಬೇಸಿಗೆಯ ಆರಂಭದಲ್ಲಿ ಹಿರಿಯರು ನೆಲದ ಒಣ ಎಲೆಗಳಿಗೆ ಸಣ್ಣ ಬೆಂಕಿ ಇಡುತ್ತಿದ್ದರು, ಅದೇ ತರಗುಬೆಂಕಿ. ಅದು ನಿಂತ ಮೇಲೆ ಲಂಟಾನ ಹೆಚ್ಚಿತು ಎಂದ. ಸೋಲಿಗ ಹಿರಿಯರ ಈ ವಾದವನ್ನು ಪರಿಸರ ವಿಜ್ಞಾನಿಗಳೂ ಗಂಭೀರವಾಗಿ ಪರಿಶೀಲಿಸಿದ್ದಾರೆ. ಕಾರಣ, ಪರಿಣಾಮ, ಕಾಲಾನುಕ್ರಮದ ವೀಕ್ಷಣೆ ಎಲ್ಲವೂ ಆ ಮಾತಿನಲ್ಲಿದ್ದವು. ಆ ದಿನದ ಪುಟದಲ್ಲಿ ಆಕೆ ಬರೆದದ್ದು ಹೊಗಳಿಕೆಯಲ್ಲ: 'ಈ ಹುಡುಗನಿಗೆ ವಿಜ್ಞಾನದಲ್ಲಿ ಎಷ್ಟು ಅಂಕ ಬರುತ್ತದೆ? ಯಾವ ಪ್ರಶ್ನೆ ಕೇಳಿದರೆ ಬರುತ್ತದೆ?'

ಕೊನೆಗೆ ಒಡೆಯರಪಾಳ್ಯ. 1970ರ ದಶಕದಲ್ಲಿ ಟಿಬೆಟನ್ ನಿರಾಶ್ರಿತರಿಗಾಗಿ ಏರ್ಪಟ್ಟ ವಸತಿ ಅದು. ಹೊರದೇಶದ ಶಾಲೆಯೊಂದು ನಮ್ಮ ಜಿಲ್ಲೆಯೊಳಗೇ ಇದ್ದಂತೆ. ತಾಯ್ನೆಲ ದೂರವಾದರೂ ಪುಟ್ಟ ಮಕ್ಕಳಿಗೆ ತಮ್ಮ ನುಡಿಯಲ್ಲೇ ಕಲಿಸಬೇಕೆಂದು ಆ ಸಮುದಾಯ ಪಠ್ಯಪುಸ್ತಕಗಳನ್ನು ತಾನೇ ರೂಪಿಸಿಕೊಂಡಿದೆ. ಬೆಟ್ಟದ ಆ ಹುಡುಗನನ್ನು ನೋಡಿ ಬಂದವರಿಗೆ ಇದನ್ನು ವಿವರಿಸಿ ಹೇಳಬೇಕಾಗಲಿಲ್ಲ.

ನಿಮ್ಮಲ್ಲಿ ಯಾರಿಗಾದರೂ ಈ ನಲವತ್ತು ನಿಮಿಷದ ಪ್ರಯೋಗ ಮಾಡಬೇಕೆನ್ನಿಸಿದರೆ ನೀವು ಓದಿದ ಪ್ರಾಥಮಿಕ ಶಾಲೆಯಿಂದಲೇ ಆರಂಭಿಸಬಹುದು. ಮುಖ್ಯೋಪಾಧ್ಯಾಯರ ಅನುಮತಿಯನ್ನು ಮೊದಲೇ ಕೇಳಿ. ಕೋಣೆಯ ಮೂಲೆಯಲ್ಲಿ, ನೆಲದ ಮೇಲೆ ಕುಳಿತುಕೊಳ್ಳಿ. ಕುರ್ಚಿಯಲ್ಲಿ ಕುಳಿತರೆ ಮಕ್ಕಳು ನಿಮ್ಮನ್ನು ತಪಾಸಣೆಯವರೆಂದು ತಿಳಿಯುತ್ತಾರೆ. ಒಂದು ಗಡಿಯಾರ, ಒಂದು ಪೆನ್ಸಿಲ್ ಸಾಕು. ಯಾವ ಮಗುವನ್ನು ನೋಡುತ್ತಿದ್ದೀರಿ ಎಂಬುದು ಆ ಮಗುವಿಗೆ ತಿಳಿಯಬಾರದು, ಹೆಸರನ್ನೂ ಬರೆಯಬೇಡಿ.