ಕಟ್ಟಿಕೊಂಡ ಸೂಜಿ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಈ ಪೆಟ್ಟಿಗೆಯಲ್ಲಿ ಕೆಲವು ಪ್ಲಾಸ್ಟಿಕ್ ಮಾದರಿಗಳ ಕಿಟ್‌ಗಳಿವೆ. ವಿಮಾನ, ಹಡಗು, ಲಾರಿ. ಶಾಲೆಯ ವಿಜ್ಞಾನ ಕೊಠಡಿಗೆಂದು ತಂದಿದ್ದೇನೆ. ಇವನ್ನು ಬರೀ ಆಟಿಕೆ ಎನ್ನಬೇಡಿ. ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿ 1949ರಲ್ಲಿ ಮೊದಲು ಮಾಡಿದ್ದು ಫರ್ಗುಸನ್ ಟ್ರ್ಯಾಕ್ಟರಿನ ಪುಟ್ಟ ಮಾದರಿಯನ್ನು. ಟ್ರ್ಯಾಕ್ಟರ್ ಮಾರುವವರು ಗಿರಾಕಿಗಳಿಗೆ ತೋರಿಸಲಿ ಎಂದು.

ಕಿಟ್ ಕಟ್ಟುವುದನ್ನು ನಾನು ಹೇಳಿಕೊಡಬೇಕಿಲ್ಲ. ಒಳಗಿನ ಚಿತ್ರ ನೋಡಿ ಮಕ್ಕಳೇ ಕಟ್ಟುತ್ತಾರೆ. ನನಗೆ ಕೊಟ್ಟ ಹತ್ತು ನಿಮಿಷವನ್ನು ಈ ಅಂಟಿನ ಬಾಟಲಿಯ ಸೂಜಿಗೆ ಮೀಸಲಿಡುತ್ತೇನೆ. ಇಂಥ ಪೆಟ್ಟಿಗೆಗಳು ಮೂಲೆ ಸೇರುವುದು ಕಿಟ್ ಮುಗಿದದ್ದರಿಂದಲ್ಲ, ಸೂಜಿ ಕಟ್ಟಿಕೊಂಡದ್ದರಿಂದ.

ಮೊದಲು ಒಂದು ಪ್ರಯೋಗ. ಇದು ಗಣಪತಿ ಮಂಟಪಕ್ಕೆ ಬಳಸುವ ಥರ್ಮೋಕೋಲ್. ಇದರ ಮೇಲೆ ಅಸಿಟೋನ್ ಇರುವ ಉಗುರುಬಣ್ಣ ತೆಗೆಯುವ ದ್ರವವನ್ನು ನಾಲ್ಕು ಹನಿ ಹಾಕುತ್ತೇನೆ. ನೋಡಿ, ಕುಸಿದು ಗುಂಡಿಯಾಯಿತು. ಸುಟ್ಟಿದ್ದಲ್ಲ, ಕರಗಿದ್ದು. ಥರ್ಮೋಕೋಲೂ ಈ ವಿಮಾನದ ರೆಕ್ಕೆಯೂ ಪಾಲಿಸ್ಟೈರೀನ್ ಎಂಬ ಒಂದೇ ಪ್ಲಾಸ್ಟಿಕ್. ಮಾದರಿಗೆ ಹಚ್ಚುವ ದ್ರವ ಸಿಮೆಂಟಿನ ಕೆಲಸವೂ ಇದೇ. ಎರಡೂ ತುಂಡುಗಳ ಅಂಚನ್ನು ಚೂರು ಕರಗಿಸಿ, ಒಂದರೊಳಗೊಂದು ಬೆರೆಸಿ, ತಾನು ಆವಿಯಾಗಿ ಹೋಗುತ್ತದೆ.

ಹಿರಿಯರಿಗೆ ಇದು ಹೊಸದಲ್ಲ. ತೋಟದ ಪಿವಿಸಿ ಪೈಪಿಗೆ ಹಚ್ಚುವ ಸಾಲ್ವೆಂಟ್ ಬೇರೆ ದ್ರವ, ಆದರೆ ಕೆಲಸದ ರೀತಿ ಒಂದೇ. ಕೂಡಿಸಿದ ಪೈಪನ್ನು ಬಿಚ್ಚಲು ಹೋದರೆ ಪೈಪೇ ಒಡೆಯುತ್ತದೆ. ಅದರ ಡಬ್ಬಿಯ ಮುಚ್ಚಳ ತೆಗೆದಿಟ್ಟರೆ ಏನಾಗುತ್ತದೆ ಎಂಬುದೂ ನಿಮಗೆ ಗೊತ್ತು.

ಸಿಮೆಂಟ್ ಹಚ್ಚಲು ಮುಖ್ಯವಾಗಿ ಎರಡು ಸಾಧನ. ಒಂದು ಮುಚ್ಚಳಕ್ಕೇ ಕುಂಚವಿರುವ ಗಾಜಿನ ಬಾಟಲಿ. ಜಪಾನಿನ ತಮಿಯಾ ಕಂಪನಿಯ ಎಕ್ಸ್‌ಟ್ರಾ ಥಿನ್ ಈ ಜಾತಿಯದು, ನೀರಿನಷ್ಟು ತೆಳು. ಇದನ್ನು ಮೊದಲೇ ಹಚ್ಚಿ ಜೋಡಿಸುವುದಲ್ಲ. ತುಂಡುಗಳನ್ನು ಒತ್ತಿ ಹಿಡಿದು ಸಂದಿಗೆ ಕುಂಚದ ತುದಿ ತಾಗಿಸಬೇಕು. ದೀಪದ ಬತ್ತಿ ಎಣ್ಣೆ ಎಳೆದುಕೊಂಡಂತೆ ಸಂದಿಯೇ ಎಳೆದುಕೊಳ್ಳುತ್ತದೆ. ಎರಡನೆಯದು ಜರ್ಮನಿಯ ರೆವೆಲ್ ಕಂಪನಿಯ ಕಾಂಟ್ಯಾಕ್ಟಾದಂತೆ ಲೋಹದ ಸೂಜಿಯಿರುವ ಬಾಟಲಿ. ಇದು ತುಸು ಮಂದ. ಇದನ್ನು ತುಂಡಿನ ಅಂಚಿಗೆ ಹನಿಹನಿಯಾಗಿ ಇಟ್ಟು ಆಮೇಲೆ ಜೋಡಿಸಬೇಕು.

ಮಂದ ಸಿಮೆಂಟಿನಲ್ಲಿ ಪ್ಲಾಸ್ಟಿಕ್ಕೂ ಕರಗಿರುತ್ತದೆ. ಸೂಜಿಯ ತುದಿಯಲ್ಲಿ ದ್ರಾವಕ ಆವಿಯಾಗಿ ಪ್ಲಾಸ್ಟಿಕ್ ಮಾತ್ರ ಉಳಿದು ಬಿರಡೆಯಾಗುತ್ತದೆ. ಹೀಗೆ ಕಟ್ಟಿಕೊಂಡಾಗ ಏನು ಮಾಡಬಾರದು ಎಂಬುದಕ್ಕೆ ಇಗೋ ಸಾಕ್ಷಿ, ನನ್ನ ಮಿಗ್-21. ಸೂಜಿ ಕಟ್ಟಿಕೊಂಡಿತೆಂದು ಬಾಟಲಿಯನ್ನು ಬಲವಾಗಿ ಹಿಂಡಿದೆ. ಸೂಜಿಯೇ ಕಿತ್ತುಬಂದು ಸಿಮೆಂಟು ರೆಕ್ಕೆಯ ಮೇಲೆ ಸುರಿಯಿತು. ಗಾಬರಿಯಿಂದ ಬೆರಳಲ್ಲಿ ಒರೆಸಿದೆ. ಮೂರು ವಾರದ ಕೆಲಸದ ಮೇಲೆ ನನ್ನ ಹೆಬ್ಬೆರಳಿನ ಗುರುತು ಹೀಗೆ ಅಚ್ಚಾಯಿತು. ಒರೆಸದೆ ಒಣಗಲು ಬಿಟ್ಟಿದ್ದರೆ ಉಜ್ಜುಕಾಗದದಿಂದ ಸರಿಮಾಡಬಹುದಿತ್ತು. ಮಕ್ಕಳೇ, ಮುಂದೆ ಬಂದು ಮುಟ್ಟಿ ನೋಡಿ.

ಈಗ ಸರಿಯಾದ ಕ್ರಮ. ಮೊದಲನೆಯದು, ಕಟ್ಟಿಕೊಳ್ಳದಂತೆ ನೋಡಿಕೊಳ್ಳುವುದು. ಕೆಲಸ ಮುಗಿದ ಮೇಲೆ ಬಾಟಲಿಯನ್ನು ಸೂಜಿ ಮೇಲಾಗಿ ನೇರ ಹಿಡಿದು ಮೆಲ್ಲಗೆ ಒಮ್ಮೆ ಅದುಮಿ ಬಿಡಿ. ಸೂಜಿಯಲ್ಲಿರುವ ಸಿಮೆಂಟು ಕೆಳಗಿಳಿದು ಗಾಳಿ ತುಂಬುತ್ತದೆ. ತುದಿ ಒರೆಸಿ ಮುಚ್ಚಳ ಹಾಕಿ.

ಎರಡನೆಯದು, ಆದರೂ ಕಟ್ಟಿಕೊಂಡರೆ ರಂಧ್ರಕ್ಕಿಂತ ತೆಳುವಾದ ಉಕ್ಕಿನ ತಂತಿ. ಗಿಟಾರಿನ ಅತಿ ತೆಳು ತಂತಿ ಸುಮಾರು ಕಾಲು ಮಿಲಿಮೀಟರ್ ದಪ್ಪ, ಅದು ಒಳ್ಳೆಯದು. ಬಟ್ಟೆಗೆ ಚುಚ್ಚುವ ಪಿನ್ನು ಬೇಡ, ತುದಿ ಕೆಡುತ್ತದೆ. ತಂತಿಯನ್ನು ಮೆಲ್ಲಗೆ ಆಡಿಸಿ. ಒತ್ತಬೇಡಿ.

ಮೂರನೆಯದು, ತಂತಿಗೂ ಬಗ್ಗದಿದ್ದರೆ ಇಕ್ಕಳದಿಂದ ಸೂಜಿಯನ್ನು ಕಳಚಿ, ಮುಚ್ಚಳವಿರುವ ಗಾಜಿನ ಸೀಸೆಯಲ್ಲಿ ಅಸಿಟೋನ್ ಹಾಕಿ ರಾತ್ರಿಯಿಡೀ ನೆನೆಸಿ. ಲೋಹಕ್ಕೆ ಏನೂ ಆಗದು. ಬಿರಡೆ ಮೆತ್ತಗಾಗುತ್ತದೆ. ಬೆಳಿಗ್ಗೆ ಮತ್ತೆ ತಂತಿ.

ನಾಲ್ಕನೆಯದು ಬೆಂಕಿ. ಬಹಳ ಜನ ಮೊದಲೇ ಲೈಟರ್ ಹಿಡಿಯುತ್ತಾರೆ. ಈ ದ್ರಾವಕ ಥಟ್ಟನೆ ಹೊತ್ತಿಕೊಳ್ಳುವಂಥದು. ಅಸಿಟೋನಿನಲ್ಲಿ ನೆನೆಸಿ ತೆಗೆದ ಸೂಜಿಗೆ, ಬಾಟಲಿಯಲ್ಲೇ ಇರುವ ಸೂಜಿಗೆ ಎಂದೂ ಬೆಂಕಿ ತೋರಿಸಬಾರದು. ಕಾಯಿಸಲೇಬೇಕೆಂದರೆ ದೊಡ್ಡವರು ಮಾತ್ರ, ಪೂರ್ತಿ ಆರಿದ ಬಿಡಿ ಸೂಜಿಯನ್ನು ಇಕ್ಕಳದಲ್ಲಿ ಹಿಡಿದು, ಬಾಟಲಿಯನ್ನು ಬೇರೆ ಕೋಣೆಯಲ್ಲಿಟ್ಟು, ಎರಡೂ ತುದಿ ಯಾರ ಮುಖದ ಕಡೆಗೂ ಇಲ್ಲದಂತೆ ಕಾಯಿಸಬೇಕು. ಒಳಗಿನದು ಸಣ್ಣ ಜ್ವಾಲೆಯಾಗಿ ಚಿಮ್ಮುವುದುಂಟು. ಪೂರ್ತಿ ತಣ್ಣಗಾಗುವವರೆಗೆ ಅದನ್ನು ಬಾಟಲಿಗೆ ಸಿಕ್ಕಿಸಬಾರದು. ಶಾಲೆಯಲ್ಲಿ ಈ ನಾಲ್ಕನೆಯದು ಬೇಡವೇ ಬೇಡ. ಕೆಲಸ ಮಾಡುವಾಗ ಕಿಟಕಿ ತೆರೆದಿರಲಿ, ಆವಿ ತಲೆನೋವು ತರುತ್ತದೆ.

ಒಂದು ಮಾತು ಹೇಳಿ ಮುಗಿಸುತ್ತೇನೆ. ನನ್ನ ಅನುಭವದಲ್ಲಿ ದಿನಾ ಬಳಸುವ ಸೂಜಿ ಕಟ್ಟಿಕೊಂಡದ್ದು ಕಡಿಮೆ. ಬಳಸದೆ ತಿಂಗಳುಗಟ್ಟಲೆ ಇಟ್ಟ ಸೂಜಿಯೇ ಕಟ್ಟಿಕೊಳ್ಳುವುದು. ನಾವು ಓದುವಾಗ ಇಲ್ಲಿನ ವಿಜ್ಞಾನದ ಬೀರುವಿಗೆ ಬೀಗವಿತ್ತು. ಸೂಕ್ಷ್ಮದರ್ಶಕವನ್ನು ಗಾಜಿನಾಚೆಯಿಂದ ನೋಡಿದವರೇ ಹೆಚ್ಚು. ಮೇಷ್ಟ್ರುಗಳ ಮೇಲೆ ನನಗೆ ಸಿಟ್ಟಿಲ್ಲ. ಒಡೆದರೆ ಲೆಕ್ಕ ಕೊಡಬೇಕಾದವರು ಅವರು. ಆದರೆ ಹತ್ತಾರು ವರ್ಷ ಯಾರೂ ಮುಟ್ಟದೆ ಅದರ ತಿರುಪುಗಳು ತುಕ್ಕು ಹಿಡಿದವೆಂದು ಕೇಳಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು.

ಅದಕ್ಕೇ ಈ ಪೆಟ್ಟಿಗೆಯ ಜೊತೆ ತಂತಿ, ಇಕ್ಕಳ, ಎರಡು ಹೆಚ್ಚುವರಿ ಬಾಟಲಿ ಇಟ್ಟಿದ್ದೇನೆ. ಬೀಗ ಅಂಟು ಮತ್ತು ಅಸಿಟೋನಿಗೆ ಇರಲಿ, ಕಿಟ್‌ಗಳಿಗೆ ಬೇಡ. ಶನಿವಾರ ಒಂದು ಗಂಟೆ ಮೇಷ್ಟ್ರ ಎದುರಿನಲ್ಲಿ ಮಕ್ಕಳು ಕಟ್ಟಲಿ. ರೆಕ್ಕೆ ಸೊಟ್ಟಗಾಗುತ್ತದೆ, ಸೂಜಿ ಕಟ್ಟಿಕೊಳ್ಳುತ್ತದೆ. ಬೈಯಬೇಡಿ, ತಂತಿ ಕೊಡಿ. ಮುಂದಿನ ವರ್ಷ ನಾನು ಬಂದಾಗ ಪೆಟ್ಟಿಗೆ ಖಾಲಿಯಾಗಿದ್ದರೆ ಇನ್ನೊಂದು ತರುವುದು ನನ್ನ ಜವಾಬ್ದಾರಿ. ತುಂಬಿದ್ದರೆ ಮಾತ್ರ ಬೇಸರವಾಗುತ್ತದೆ.