ಹರೆಯದ ಮೌನಕ್ಕೆ ಕಿವಿಗೊಡೋಣ

(ಹೆತ್ತವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಸಾರ)



ನಿನ್ನೆಯವರೆಗೂ ತಾಯಿಯ ಸೆರಗು ಬಿಡದಿದ್ದ ಮಗ ಇಂದು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾನೆ. ಮಾತಿಗೆ ಮುಂಚೆ ಸಿಡುಕುವ ಮಗಳು ಮರುಕ್ಷಣವೇ ಅಳುತ್ತಾಳೆ. ಮಕ್ಕಳು ಕೆಟ್ಟುಹೋದರೆಂದು ನಾವು ತೀರ್ಪು ನೀಡಿಬಿಡುತ್ತೇವೆ. ಅದಕ್ಕೆ ಮುನ್ನ ಅವರ ಮೆದುಳಿನಲ್ಲಿ ಏನು ನಡೆಯುತ್ತಿದೆಯೆಂದು ತಿಳಿಯುವುದು ನಮ್ಮ ಹೊಣೆಯಲ್ಲವೇ?

ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಜೇ ಗೀಡ್ ಮತ್ತು ಸಂಗಡಿಗರು ಮಕ್ಕಳ ಮೆದುಳನ್ನು ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಎಂ.ಆರ್.ಐ. ಮೂಲಕ ಪರೀಕ್ಷಿಸಿದರು. ಮೆದುಳಿನ ರಚನೆ ಹದಿಹರೆಯದಲ್ಲಿಯೂ ಬದಲಾಗುತ್ತಿರುತ್ತದೆಂದು 1999ರಲ್ಲಿ ಪ್ರಕಟವಾದ ಅವರ ಅಧ್ಯಯನ ತೋರಿಸಿತು. ಬಳಸದ ನರಸಂಪರ್ಕಗಳು ಕಳಚಿಕೊಳ್ಳುತ್ತವೆ, ಬಳಸಿದವು ಗಟ್ಟಿಯಾಗುತ್ತವೆ. ಭಾವನೆ ಮತ್ತು ಆಸೆಗಳಿಗೆ ಸಂಬಂಧಿಸಿದ ಭಾಗಗಳು ಬೇಗನೆ ಚುರುಕಾಗುತ್ತವೆ. ವಿವೇಚನೆ, ಸಂಯಮಗಳಿಗೆ ಆಧಾರವಾದ ಹಣೆಯ ಹಿಂದಿನ ಭಾಗವಾದರೋ 25ರ ಆಸುಪಾಸಿನವರೆಗೂ ಬಲಿಯುತ್ತಲೇ ಇರುತ್ತದೆ. ಅಪಾಯ ತಿಳಿದಿದ್ದೂ ಗೆಳೆಯರ ಮುಂದೆ ಬೈಕಿನ ವೇಗ ಹೆಚ್ಚಿಸುವ ಹುಡುಗನ ವರ್ತನೆಗೆ ಇದೂ ಒಂದು ಕಾರಣ.

ನಿದ್ದೆಯ ವಿಷಯವೂ ಹಾಗೆಯೇ. ನಿದ್ದೆಗೆ ಸೂಚನೆ ನೀಡುವ ಮೆಲಟೋನಿನ್ ಈ ವಯಸ್ಸಿನಲ್ಲಿ ರಾತ್ರಿ ತಡವಾಗಿ ಸ್ರವಿಸುತ್ತದೆ. ಕೈಯಲ್ಲಿನ ಮೊಬೈಲ್ ಅದನ್ನು ಇನ್ನಷ್ಟು ತಡಮಾಡುತ್ತದೆ. 8ರಿಂದ 10 ಗಂಟೆಯ ನಿದ್ದೆ ಬೇಕಾದ ಮಗುವನ್ನು ಸೋಮಾರಿ ಎಂದು ಹಳಿದರೆ ಪ್ರಯೋಜನವೇನು?

ಇದು ತಪ್ಪುಗಳಿಗೆ ಪರವಾನಗಿಯಲ್ಲ. ಶಿಸ್ತು ಬೇಕು, ಅವಮಾನ ಬೇಡ. ಆದರೆ ಎಲ್ಲವನ್ನೂ ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗುವುದೂ ಅಪಾಯಕಾರಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, 10ರಿಂದ 19 ವರ್ಷದ ಪ್ರತಿ ಏಳು ಮಂದಿಯಲ್ಲಿ ಒಬ್ಬರಿಗೆ ಮಾನಸಿಕ ಅಸ್ವಸ್ಥತೆಯಿದೆ. ಎರಡು ವಾರಗಳಾದರೂ ಮುಗಿಯದ ದುಃಖ, ಊಟ–ನಿದ್ದೆಯಲ್ಲಿ ಏರುಪೇರು, ಆಟ–ಗೆಳೆತನಗಳಲ್ಲಿ ನಿರಾಸಕ್ತಿ, ಸಾವಿನ ಮಾತು – ಇವನ್ನು ನಾಟಕವೆಂದು ತಳ್ಳಿಹಾಕಬಾರದು.

ನಮ್ಮಲ್ಲಿ ಕೆಲವರು ಜಿನ್ನ್ ಬಾಧೆಯೆಂದು ತಾಯಿತ ಕಟ್ಟುತ್ತಾರೆ. ಇನ್ನು ಕೆಲವರು ನಾಳೆ ಮದುವೆ ಸಂಬಂಧಕ್ಕೆ ಅಡ್ಡಿಯಾದೀತೆಂದು ಮುಚ್ಚಿಡುತ್ತಾರೆ. ಜ್ವರಕ್ಕೆ ವೈದ್ಯರ ಬಳಿಗೆ ಹೋಗುವ ನಾವು ಮನಸ್ಸಿನ ನೋವಿಗೇಕೆ ನಾಚಬೇಕು? ಪ್ರಾರ್ಥನೆ ಮತ್ತು ಚಿಕಿತ್ಸೆ ಪರಸ್ಪರ ವಿರೋಧಿಗಳಲ್ಲ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸೇವೆಯು 14416 ಸಂಖ್ಯೆಯಲ್ಲಿ ಹಗಲೂ ರಾತ್ರಿಯೂ ಉಚಿತವಾಗಿ ದೊರೆಯುತ್ತದೆ. ಆತ್ಮಹತ್ಯೆಯ ಮಾತು ಬಂದಾಗ ಮಗುವನ್ನು ಒಂಟಿಯಾಗಿ ಬಿಡದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಇಂದು ಮನೆಗೆ ಮರಳಿದ ಮೇಲೆ ಅಂಕಗಳ ಬಗ್ಗೆ ಕೇಳಬೇಡಿ. ಮಗುವಿನ ಪಕ್ಕದಲ್ಲಿ ಕುಳಿತು, 'ಹೇಗಿದ್ದೀಯಾ?' ಎಂದು ಕೇಳಿ. ಉತ್ತರ ಬರುವವರೆಗೆ ಕಾಯಿರಿ. ಉಪದೇಶ ಆಮೇಲೆ ಇದ್ದೇ ಇದೆ.